ಸಂಜಿ ಗಾಡಿಯ ಶಿಳ್ಳಿ

ಹಳೆಯ ರೈಲು ಮಾರ್ಗಗಳ ಹುಚ್ಚಿರುವ ಹುಬ್ಬಳ್ಳಿಯ ಗೃಹಸ್ಥರೊಬ್ಬರು ಮೊನ್ನೆ ಬೆಟಗೇರಿಯ ನಮ್ಮ ಮನೆಗೆ ಬಂದಿದ್ದರು. ಗದಗ–ಹೊಟಗಿ ಮೀಟರ್‌ಗೇಜ್ ಲೈನೆಂದರೆ ಅವರಿಗೆ ಪ್ರಾಣ. ಆ ಲೈನಿನಲ್ಲಿ ಹೊಳೆಆಲೂರಿನ ಅರಳೆ ಅಂಗಡಿಗೆ ವರ್ಷಗಟ್ಟಲೆ ಓಡಾಡಿದ ನನಗೂ ಅದು ಇಷ್ಟ. ಯಾಕೆ ಎಂದು ಕೇಳಿದಾಗ ಇಂಜಿನ್ನಿನ ಹೊಗೆ, ಕಿಟಕಿಯ ಗಾಳಿ, ಕಪ್ಪು ಮಣ್ಣಿನ ಎರಿ ಹೊಲ ಎಂದೆಲ್ಲ ಹೇಳಿದೆ. ಅವರು ಬರೆದುಕೊಂಡರು.

ಖರೆ ಕಾರಣ ಬೇರೆ. ಸಂಜೆ ಗದಗಿನಲ್ಲಿ ಇಳಿದವನು ಸ್ಟೇಶನ್ನಿನ ಹೊರಗೆ ಗೆಳೆಯರ ಜೊತೆ ಇಸ್ಪೀಟು ಆಡುತ್ತ ಕೂಡುತ್ತಿದ್ದೆ. ಆಮೇಲೆ ಮನೆಗೆ ಬಂದು "ಗಾಡಿ ಲೇಟ್ ಆತು" ಎನ್ನುತ್ತಿದ್ದೆ. ಗಂಡನಿಗಿಂತ ಮೊದಲು ಉಣ್ಣದ ಹೆಂಡತಿ ಅಷ್ಟು ಹೊತ್ತೂ ಹಸಿದು ಕುಳಿತಿರುತ್ತಾಳೆಂಬುದು ಗೊತ್ತಿದ್ದೂ ಆಡುತ್ತಿದ್ದೆ. ಆ ಪಾಪ ಇಂದಿಗೂ ಚುಚ್ಚುತ್ತದೆ.

ಅವಳು ಚಹಾ ತಂದಿಟ್ಟಾಗಲೇ ಬಂದವರು, "ನಾ ಕಾಲೇಜಿಗೆ ಹೋಗಿ ಆ ಸಂಜಿ ಗಾಡ್ಯಾಗs ಗದಗಿಗೆ ಬರತಿದ್ದೆರಿ. ಲೇಟ್ ಅನ್ನೂದs ಗೊತ್ತಿದ್ದಿಲ್ಲ ಅದಕ್ಕ. ಅದಕ್ಕs ನನಗ ಅದರ ಮ್ಯಾಲ ಪ್ರೀತಿ" ಎಂದರು.

ನಾನು ಕಪ್ಪು ಕೆಳಗಿಟ್ಟೆ. ಅವಳಿಗೆ ಹೇಳಿಯೇಬಿಟ್ಟೆ: "ಲೇಟ್ ಆಗತಿದ್ದಾಂವ ನಾ. ಇಸ್ಪೀಟ ಆಡಕೋತ ನಿನ್ನ ಉಪಾಸ ಕೆಡವಿದೆ. ತಪ್ಪಾತು."

"ಯಾರ ಉಪಾಸರೀ?" ಎಂದಳು. "ಗಾಡಿ ಶಿಳ್ಳಿ ನಮ್ಮ ಹಿತ್ತಲಕ್ಕ ಕೇಳತಿತ್ತಲ್ಲ? ಗಾಡಿ ಬಂತಂದ್ರ ನೀವು ಬಂದಂಗ ಅಂತ ಬಿಸಿ ರೊಟ್ಟಿ ಉಂಡು ಕುಂಡರತಿದ್ದೆ. ಆರಿದ್ದು ನಿಮಗ."

ಬಂದವರು ನಗುತ್ತ, ತಾವು ಬರೆದುಕೊಂಡಿದ್ದ ನನ್ನ ಕಾರಣಗಳನ್ನು ಗೀಟು ಎಳೆದು ಹೊಡೆದುಹಾಕಿದರು. "ಅಕ್ಕಾರ, ಆ ಗಾಡಿ ಬಗ್ಗೆ ನೀವs ಹೇಳ್ರಿ" ಎಂದು ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು.