ಬಿಡಬೇಕಾದ ಮನೆಗಳು

ಶಿಕಾರಿಪುರದ ಪೇಟೆಯಲ್ಲಿ ಮಂಡಕ್ಕಿ ಬೇಕಾದವರು ಅಕ್ಕನಾಗಮ್ಮನ ಭಟ್ಟಿಗೆ ಹೋಗಬೇಕು. ಹೋದವರು ನಾಲ್ಕು ಮಾತು ಬೈಸಿಕೊಂಡೇ ಬರಬೇಕು. ಚಿಲ್ಲರೆ ಇಲ್ಲ ಎಂದವನಿಗೆ ಬೈಗುಳ, ಇನ್ನಷ್ಟು ಹಾಕು ಎಂದವಳಿಗೆ ಬೈಗುಳ, ಸುಮ್ಮನೆ ನಿಂತವರಿಗೆ ಬಾಯಿ ಬಿದ್ದುಹೋಗಿದೆಯಾ ಎಂದು ಬೈಗುಳ. ಒಮ್ಮೆ ಕಚೇರಿಯ ಜವಾನನೊಬ್ಬ ಸಾಹೇಬರ ಹೆಸರು ಹೇಳಿ ಬಿಟ್ಟಿ ಮಂಡಕ್ಕಿ ಕೇಳಿದಾಗ, ಬಾಣಲೆಯ ಮರಳನ್ನೇ ಪೊಟ್ಟಣ ಕಟ್ಟಿ ಸಾಹೇಬರಿಗೆ ಕಳಿಸಿದ್ದಳು. ಗಂಡ ತೋಟಪ್ಪ ಬಾಯಿಲ್ಲದ ಮನುಷ್ಯ. ಅವನ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸುತ್ತಿದ್ದಳು.

ಅವಳಿಗೆ ಎದುರಾಡುತ್ತಿದ್ದದ್ದು ಒಂದೇ ಜೀವ, ಆರು ವರ್ಷದ ಮಗಳು ವೀರಮ್ಮ. ಸಾವಿರದ ಒಂಬೈನೂರ ಐವತ್ತೆಂಟರ ಮಳೆಗಾಲದ ಕೊನೆಗೆ ಆ ಕೂಸಿಗೆ ಗಂಟಲಮಾರಿ ಬಂತು. ಗಂಟಲಲ್ಲಿ ಬಿಳಿ ಪೊರೆ ಕಟ್ಟಿತು, ಉಸಿರು ಗರಗಸ ಎಳೆದ ಹಾಗೆ ಸದ್ದು ಮಾಡಿತು. ನಾಲ್ಕನೇ ದಿನ ಶಿವಮೊಗ್ಗದ ಬಸ್ಸಿಗೆ ಕಾಯುತ್ತಿದ್ದಾಗ ತಾಯಿಯ ತೊಡೆಯ ಮೇಲೆಯೇ ಹೋಯಿತು. ಬಸ್ಸು ಆಮೇಲೆ ಬಂತು. ಆ ಬಸ್ಸಿನ ಮೇಲೆ ಅಕ್ಕನಾಗಮ್ಮನಿಗೆ ಬದುಕಿರುವಷ್ಟು ದಿನವೂ ಸಿಟ್ಟಿತ್ತು.

ಮಣ್ಣು ಮಾಡಿ ಬಂದ ಮಾರನೇ ದಿನವೇ ಅವಳು ಭಟ್ಟಿ ಹೊತ್ತಿಸಿದಳು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ, ಕಾಯಕ ಬಿಡಬೇಡ ಎಂದು ಮಠದ ಅಯ್ಯನವರೇ ಹೇಳಿದ್ದರು. ಆದರೆ ಅನ್ನಕ್ಕೆ ಅಕ್ಕಿ ಅಳೆಯುವಾಗ ಕೈ ಮೂರು ಜನರ ಅಳತೆಗೇ ಹೋಗುತ್ತಿತ್ತು. ಹೆಚ್ಚಾದ ಆ ಒಂದು ಹಿಡಿಯನ್ನು ಮತ್ತೆ ಡಬ್ಬಿಗೆ ಸುರಿಯಲು ಮನಸ್ಸಾಗದೆ ಬೇರೊಂದು ಗಡಿಗೆಗೆ ಹಾಕತೊಡಗಿದಳು.

ಗಡಿಗೆ ತುಂಬುವ ಹೊತ್ತಿಗೆ ಊರಲ್ಲಿ ಡಂಗುರ ಹೊಡೆದರು. ಬೆಂಗಳೂರಲ್ಲಿ ಮಕ್ಕಳಿಗಾಗಿಯೇ ಒಂದು ಆಸ್ಪತ್ರೆ ಕಟ್ಟುತ್ತಾರಂತೆ. ಅಲ್ಲಿ ಮದ್ದು ಕೊಡುವುದಷ್ಟೇ ಅಲ್ಲ, ಮಕ್ಕಳನ್ನು ಕೊಲ್ಲುವ ರೋಗಗಳ ಮೂಲವನ್ನೇ ಹುಡುಕುತ್ತಾರಂತೆ. ಅದಕ್ಕಾಗಿ ಹೈಸ್ಕೂಲು ಮಕ್ಕಳು ಭಾನುವಾರ ಮನೆಮನೆಗೆ ಜೋಳಿಗೆ ತರುತ್ತಾರೆ, ಕೂಡಿದ ಅಕ್ಕಿಯನ್ನು ಸೊರಬದ ಮಂಡಿಯಲ್ಲಿ ಮಾರಿ ಹಣ ಕಳಿಸುತ್ತಾರೆ. ಇದನ್ನು ಕೇಳಿದ ಮೇಲೆ ಆ ಗಡಿಗೆಯ ಅಕ್ಕಿ ಯಾರದು ಎಂದು ಅಕ್ಕನಾಗಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಭಾನುವಾರ ಅವಳು ಅಷ್ಟೂ ಅಕ್ಕಿಯನ್ನು ಮೊರಕ್ಕೆ ಸುರಿದುಕೊಂಡು ಬಾಗಿಲಲ್ಲಿ ನಿಂತಳು. ಮಕ್ಕಳು ಎಡಗಡೆಯ ಮನೆಯಲ್ಲಿ ಜೋಳಿಗೆ ಒಡ್ಡಿದರು. ಇವಳ ಬಾಗಿಲು ದಾಟಿದರು. ಬಲಗಡೆಯ ಮನೆಯ ಮುಂದೆ ನಿಂತರು.

"ಏಯ್! ನಾನೇನು ಕಂಬ ಅಂತ ಮಾಡೀರೇನು? ಕಣ್ಣಿಗೆ ಕಾಣಂಗಿಲ್ಲೇನು?"

ಕೈಯಲ್ಲಿ ಒಂದು ಹಾಳೆ ಹಿಡಿದಿದ್ದ ರಾಬಿಯಾ ಎಂಬ ಹುಡುಗಿ ತಲೆ ತಗ್ಗಿಸಿಕೊಂಡೇ ಹತ್ತಿರ ಬಂದಳು. "ಅಕ್ಕಾ, ನಿಮ್ಮನೆ ಬಿಡಬೇಕಂತ ಪಟ್ಟಿ ಕೊಟ್ಟಾರ. ಸೂತಕದ ಮನೆ ಅಂತ."

"ಯಾವ ನನ್ನ ಮಗ ಕೊಟ್ಟ?"

ಕೊಟ್ಟವರು ಸೊರಬದ ಮಂಡಿ ಸಾಹುಕಾರ ಸದಾಶಿವಪ್ಪ, ಈ ಸಂಗ್ರಹದ ಅಧ್ಯಕ್ಷರು. ಕೊಡದವರ ಮೇಲೆ ಊರು ಸಿಟ್ಟಾಗುವುದುಂಟು. ಕೊಡಲು ನಿಂತವಳನ್ನು ಹೀಗೆ ದಾಟಿಹೋಗುವುದನ್ನು ಎಲ್ಲಾದರೂ ಕೇಳಿದ್ದೀರಾ? ತೋಟಪ್ಪ "ಬಿಡು" ಎಂದ. ಅಕ್ಕನಾಗಮ್ಮ ಬಿಡುವವಳಲ್ಲ. ಮಾರನೇ ಬೆಳಿಗ್ಗೆ ಅಕ್ಕಿಯನ್ನು ಗಂಟು ಕಟ್ಟಿಕೊಂಡು ಸೊರಬದ ಬಸ್ಸು ಹತ್ತಿದಳು.

ಮಂಡಿಯಲ್ಲಿ ಅಕ್ಕಿಯ ಮೂಟೆಗಳ ತೂಕ ನಡೆದಿತ್ತು. ಕೂಡಿದ ಅಕ್ಕಿಯ ಜೊತೆ ಬಂದಿದ್ದ ಶಿಕಾರಿಪುರ, ಸೊರಬ ಎರಡೂ ಊರಿನ ಮಕ್ಕಳು ಕೈಯಲ್ಲಿ ಮಂಡಕ್ಕಿ ಹಿಡಿದು ಕೂತಿದ್ದರು, ರಾಬಿಯಾಳೂ ಅವರಲ್ಲಿದ್ದಳು. ಸದಾಶಿವಪ್ಪನವರ ಹಣೆಯಲ್ಲಿ ಮೂರು ಬೆರಳ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆ. ಅದನ್ನು ನೋಡಿಯೇ ಅಕ್ಕನಾಗಮ್ಮನಿಗೆ ಮೈಯೆಲ್ಲ ಉರಿಯಿತು.

"ಏನ್ರೀ ಸಾವ್ಕಾರ್ರೆ, ನಿಮ್ಮ ಎದಿ ಮ್ಯಾಲೆ ಇರೋದು ಲಿಂಗಾನೋ, ಬರೀ ಬೆಳ್ಳಿ ಡಬ್ಬೀನೋ? ಲಿಂಗ ಕಟ್ಟಿದೋರಿಗೆ ಸೂತಕ ಎಲ್ಲೈತ್ರಿ?"

"ಸಿಟ್ಟು ಮಾಡ್ಕೋಬೇಡ ಮಾರಾಯ್ತಿ. ನಾಕು ಜನದ ರೂಢಿ ನೋಡ್ಬೇಕಾಗ್ತದೆ."

"ರೂಢಿ? ಈ ಹುಡುಗ್ರು ತಿನ್ನಾಕತ್ತಿರೋ ಮಂಡಕ್ಕಿ ಯಾರ ಭಟ್ಟೀದು ಕೇಳ್ರಿ. ನಂದು! ರೊಕ್ಕ ಕೊಟ್ಟು ತಂದ್ರ ಸೂತಕಿಲ್ಲ, ಪುಕ್ಕಟೆ ಕೊಟ್ರ ಸೂತಕ ಏನು? ಏ ಹುಡುಗಿ, ಓದು ಆ ಪಟ್ಟೀನ. ಎಲ್ಲಾರೂ ಕೇಳ್ಲಿ."

ರಾಬಿಯಾ ಸಾಹುಕಾರರ ಮುಖ ನೋಡಿದಳು. ಆಮೇಲೆ ಅಕ್ಕನಾಗಮ್ಮನ ಮುಖ ನೋಡಿ ಓದಿದಳು. "ಬಿಡಬೇಕಾದ ಮನೆಗಳು. ಪರಮಶಿವಪ್ಪ, ಕೆರೆ ಬೀದಿ. ಸಣ್ಣಪ್ಪ, ಕುಂಬಾರಗೇರಿ. ತೋಟಪ್ಪ, ಮಂಡಕ್ಕಿ ಭಟ್ಟಿ. ಮುಕ್ತಾರ್ ಅಹಮದ್, ಕಲಾಯಿ ಅಂಗಡಿ..."

"ನಿಲ್ಲು! ಸಾಬರಿಗೂ ಸೂತಕ ಹಚ್ಚೀರೇನ್ರಿ ಸಾವ್ಕಾರ್ರೆ?"

ಮಂಡಿಯಲ್ಲಿ ತಕ್ಕಡಿ ಹಿಡಿದವನೂ ಕೈ ನಿಲ್ಲಿಸಿದ. ಸದಾಶಿವಪ್ಪ ದನಿ ತಗ್ಗಿಸಿದರು. "ಸೂತಕ ಅಲ್ಲ ತಂಗಿ, ಗಂಟಲಮಾರಿ ಬಂದ ಮನೆಗಳು ಅವು. ಆ ಮನೆ ಅಕ್ಕಿ ಬೆರೆಸಿದ್ದು ಗೊತ್ತಾದ್ರೆ ಕೊಳ್ಳೋರು ಮುಟ್ಟೋದಿಲ್ಲ. ಆಸ್ಪತ್ರೆಗೇ ನಷ್ಟ."

ಅಕ್ಕನಾಗಮ್ಮನ ಹೆತ್ತ ಹೊಟ್ಟೆಯ ಸಂಕಟವೆಲ್ಲ ಸಿಟ್ಟಾಗಿ ಬಾಯಿಗೆ ಬಂತು.

"ಆ ಆಸ್ಪತ್ರ್ಯಾಗ ಡಾಕ್ಟ್ರು ಏನ್ ಹುಡುಕ್ತಾರ್ರೀ? ಯಾವ ಮನ್ಯಾಗ ಯಾವ ಕೂಸು ಯಾಕ ಸತ್ತಿತು ಅಂತ ತಾನೆ? ಅದನ್ನ ನೀವು ಆಗ್ಲೇ ಹುಡುಕಿ ಬರದಿಟ್ಟೀರಿ. ಯಾಕ? ಆ ಬಾಗ್ಲು ದಾಟಿ ಹೋಗಾಕ! ಅಕ್ಕಿ ಯಾರಿಗೆ ಬೇಕ್ರೀ? ಈ ಹಾಳಿ ಕಳಿಸ್ರಿ ಬೆಂಗಳೂರಿಗೆ!"

ಅವಳು ಹುಡುಗಿಯ ಕಡೆ ತಿರುಗಿದಳು. "ಬರೀ ಯಜಮಾನ್ರ ಹೆಸರೈತಿ. ಸತ್ತೋರು ಇವರೇನು? ಕೂಸುಗಳ ಹೆಸರೆಲ್ಲಿ? ಆ ಕಲಾಯಿ ಸಾಬರ ಕೂಸಿನ ಹೆಸರೇನು, ಗೊತ್ತೇನು ನಿನಗ?"

"ಮುನೀರ್," ಎಂದಳು ರಾಬಿಯಾ. "ಮೂರು ವರ್ಷ. ನನ್ನ ತಮ್ಮ."

ಅಕ್ಕನಾಗಮ್ಮ ಕೈಯಲ್ಲಿದ್ದ ಗಂಟನ್ನು ನೆಲಕ್ಕಿಟ್ಟು ಹುಡುಗಿಯ ಹತ್ತಿರ ಹೋದಳು.

"ನಿನ್ನೆ ಅಮ್ಮಿ ಅಕ್ಕಿ ಹಿಡ್ಕೊಂಡು ಬಾಗಿಲಲ್ಲೇ ನಿಂತಿದ್ರು ಅಕ್ಕಾ. ಪಟ್ಟ್ಯಾಗ ಐತಿ ಅಂತ ನಾನೇ ದಾಟಿ ಹೋದೆ."

ಸದಾಶಿವಪ್ಪ ಎದ್ದು ಬಂದರು. "ಆಯ್ತು, ಆ ಗಂಟು ಕೊಡು ತಂಗಿ, ತಗೋತೀವಿ."

"ನಾನು ಇಲ್ಲಿ ಸುರುದು ಹೋಗಾಕ ಬಂದಿಲ್ರೀ. ಜೋಳಿಗಿ ನಮ್ಮ ಬಾಗ್ಲಿಗೆ ಬರ್ಬೇಕು." ಅವಳು ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡಳು. "ಏ ಹುಡುಗಿ, ನಾಳಿಗೆ ಮೊದ್ಲು ನಿಮ್ಮವ್ವನ ಹತ್ರ ಹೋಗು. ಆಮ್ಯಾಗ ನಮ್ಮನಿಗೆ ಬಾ. ಪೆನ್ಸಿಲ್ ತಗಂಡು ಬಾ."

ರಾಬಿಯಾ ಬಂದಳು. ಮಗಳನ್ನು ಮಣ್ಣು ಮಾಡಿದ ಮೇಲೆ ಮೊದಲ ಸಲ, ಹಬ್ಬವಲ್ಲದ ದಿನ ಅಕ್ಕನಾಗಮ್ಮ ಒಲೆ ಆರಿಸಿ ಹುಡುಗಿಯ ಜೊತೆ ಹೊರಟಳು. ಪಟ್ಟಿಯಲ್ಲಿದ್ದ ಮನೆಮನೆಗೂ ಮೂರು ದಿನ ತಿರುಗಿದರು. ಕೆಲವರು ಬಾಗಿಲು ತೆಗೆಯಲಿಲ್ಲ. ತೆಗೆಯುವವರೆಗೂ ಇವಳು ಬೈದಳು. ತೆಗೆದವರು ಜೋಳಿಗೆಗೆ ಅಕ್ಕಿ ಹಾಕಿ, ಹೋದ ಕೂಸಿನ ಹೆಸರು ಹೇಳಿ, ವಯಸ್ಸು ಹೇಳಿದರು. ಒಂದು ಮನೆಯಲ್ಲಿ ಒಂದು ಹೆಸರು ಬರೆದುಕೊಂಡು ಹೊರಟಾಗ ಆ ತಾಯಿ ಸೆರಗು ಹಿಡಿದು ನಿಲ್ಲಿಸಿ, ಇನ್ನೊಂದು ಇದೆ ಎಂದಳು.

ಸಾಹುಕಾರರ ಪಟ್ಟಿಯಲ್ಲಿದ್ದದ್ದು ಹದಿನೇಳು ಮನೆ. ಬೆಂಗಳೂರಿಗೆ ಕಳಿಸಲು ರಾಬಿಯಾ ಬರೆದ ಹೆಸರು ಇಪ್ಪತ್ತೆರಡು.