ಧಣಿಯ ಎಂಜಲು
ಪರಗ್ವೇಯ ನದಿದಂಡೆಯ ಜೈಲಿನಲ್ಲಿ ಕಾವಲುಗಾರ ಎಲೆವುತೇರಿಯೋ ಕೈದಿಗಳನ್ನು ಅಂಗಿಯ ಇಸ್ತ್ರಿ ನೋಡಿಯೇ ಅಳೆಯುತ್ತಾನೆ. ಬಸ್ಸಿನಲ್ಲಿ ಚಾಕು ತೋರಿಸಿ ಮೊಬೈಲ್ ಕಿತ್ತುಕೊಂಡ ಬ್ರೌಲಿಯೋ ಅವನಿಗೆ ಬರೀ ‘ಲೋ’. ಬ್ಯಾಂಕನ್ನೇ ನುಂಗಿ ನೀರು ಕುಡಿದ ದೋನ್ ಅನಸ್ತಾಸಿಯೋ ‘ಧಣಿ’. ಧಣಿಯ ಕೋಣೆಗೆ ಮಾತ್ರ ಮೊದಲು ಕೆಮ್ಮಿ, “ಬೀಗ ಹಾಕ್ಲಾ ಧಣಿ?” ಎಂದು ಅಪ್ಪಣೆ ಪಡೆದೇ ಬೀಗ ಹಾಕುತ್ತಾನೆ. ಮಧ್ಯಾಹ್ನದ ತಣ್ಣನೆಯ ತೆರೆರೆ ಕಷಾಯವನ್ನು ಇಬ್ಬರೂ ಒಂದೇ ಲೋಟದಿಂದ, ಒಂದೇ ಕೊಳವೆಯಲ್ಲಿ ಹೀರುತ್ತಾರೆ. “ಸಾಹೇಬ್ರೇ, ನಂಗೂ ಒಂದು ಗುಟುಕು ಕೊಡಿ” ಎಂದು ಬ್ರೌಲಿಯೋ ಅಂಗಲಾಚಿದರೆ, “ಥೂ, ಕಳ್ಳನ ಎಂಜಲು ಯಾರೋ ಕುಡೀತಾರೆ?” ಎನ್ನುತ್ತಾನೆ. ಎಲೆವುತೇರಿಯೋನ ತಾಯಿ ಆಪರೇಷನ್ನಿಗೆಂದು ಕೂಡಿಟ್ಟ ಹಣವೂ ಧಣಿಯ ಬ್ಯಾಂಕಿನಲ್ಲೇ ಮುಳುಗಿತು. ಆಪರೇಷನ್ ಆಗದೆ ಆಕೆ ತೀರಿಕೊಂಡಳು. “ಅವ್ವನ ಮಣ್ಣಿಗೆ ಧಣಿ ಇಲ್ಲಿಂದಲೇ ಹೂವಿನ ಹಾರ ಕಳಿಸಿದ್ರು ಕಣೋ, ಎಂಥ ದೊಡ್ಡ ಮನಸ್ಸು!” ಎನ್ನುತ್ತಾ ಅವನು ಕೊಳವೆಯನ್ನು ಒರೆಸದೆ ಬಾಯಿಗಿಡುತ್ತಾನೆ.