ಹಣ್ಣೆಲೆ ತೋರಿಸುವವರು

ನಮ್ಮ ಯಜಮಾನರಿಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಹುಟ್ಟಿನಿಂದಲೇ ಹಾಗೆ. ಇಂಥವರು ಹೊಟ್ಟೆಪಾಡಿಗೆ ಆರಿಸಿಕೊಂಡ ಕೆಲಸವಾದರೂ ಯಾವುದು? ಎಲೆ ಉದುರುವ ಕಾಲದಲ್ಲಿ ಪಟ್ಟಣದ ಜನರನ್ನು ವ್ಯಾನಿನಲ್ಲಿ ಕೂರಿಸಿಕೊಂಡು, ಗುಡ್ಡದ ದಾರಿಯಲ್ಲಿ ಮೂರು ಸಣ್ಣ ಊರು ಸುತ್ತಿಸಿ, ಮೈಕಿನಲ್ಲಿ ಮರಗಳ ಬಣ್ಣ ವರ್ಣಿಸುವುದು! ದೇವರಿಗೆ ತಮಾಷೆ ಮಾಡಬೇಕೆನಿಸಿದಾಗ ಬೇರೆ ಯಾರೂ ಸಿಗಲಿಲ್ಲವೇನೋ, ನೇರ ನಮ್ಮ ಮನೆಗೇ ಬಂದ.

ಮದುವೆಯಾದ ಹೊಸತರಲ್ಲಿ ನನಗೂ ಗೊತ್ತಿರಲಿಲ್ಲ. ನನ್ನ ಹಸಿರು ಸ್ವೆಟರ್ ನೋಡಿ, "ಕೆಂಪು ನಿನಗೆ ಒಪ್ಪುತ್ತೆ ಕಣೇ" ಅಂದರು. ಆ ಬಾಯಿಂದ ಹೊಗಳಿಕೆ ಬರುವುದೇ ಅಪರೂಪ, ಹಾಗಾಗಿ ತಿದ್ದಲು ಹೋಗಲಿಲ್ಲ. ಆಮೇಲೆ ಟೊಮೆಟೊ ಹಣ್ಣು ತನ್ನಿ ಅಂದರೆ ಪ್ರತಿ ಸಲವೂ ಕಾಯಿಯನ್ನೇ ತರತೊಡಗಿದಾಗ ಕೂರಿಸಿ ಕೇಳಿದೆ. ಬಾಯಿ ಬಿಟ್ಟರು. "ಯಾರಿಗೂ ಹೇಳ್ಬೇಡ. ವ್ಯಾನ್ ಮಾಲೀಕರ ಕಿವಿಗೆ ಬಿದ್ರೆ ಸ್ಟೀರಿಂಗೂ ಹೋಗುತ್ತೆ, ಮೈಕೂ ಹೋಗುತ್ತೆ." ಸ್ಟೀರಿಂಗ್ ಅನ್ನುವಾಗ ದನಿ ಸರಿಯಾಗಿಯೇ ಇತ್ತು. ಮೈಕು ಅನ್ನುವಾಗ ಮಾತ್ರ ನನ್ನ ಕೈ ಹಿಡಿದುಕೊಂಡರು.

ಅದಕ್ಕೆ ಕಾರಣವಿದೆ. ಮನೆಯಲ್ಲಿ ಇವರ ಬಾಯಿಂದ ಬರುವುದು ಎರಡೇ ಮಾತು: "ಹೂಂ" ಮತ್ತು "ಉಪ್ಪು ಕಮ್ಮಿ". ನಮ್ಮ ಅತ್ತೆಗೇ ಮಗ ಮೂಗನೋ ಎಂಬ ಅನುಮಾನ ಬಹಳ ದಿನ ಇತ್ತಂತೆ. ಆದರೆ ಮೈಕಿನ ಮುಂದೆ ಕೂರಿಸಿ ನೋಡಿ, ಮಹಾನುಭಾವರನ್ನು ನಿಲ್ಲಿಸುವುದೇ ಕಷ್ಟ. ಮಾಲೀಕರಿಗೆ ಅದು ಪ್ರವಾಸ, ನಮ್ಮವರಿಗೆ ವರ್ಷವಿಡೀ ಕೂಡಿಟ್ಟ ಮಾತನ್ನು ಖಾಲಿ ಮಾಡುವ ಕಾಲ.

ಅಂದಿನಿಂದ ಪ್ರತಿ ವರ್ಷ, ಜನ ಬರುವ ಮುಂಚೆ, ಖಾಲಿ ವ್ಯಾನಿನಲ್ಲಿ ನನ್ನ ಪಾಠ. "ಗಡಿಯಾರದ ಗೋಪುರದ ಪಕ್ಕ ಹಳದಿ. ಗಿರಣಿ ಹಿಂದಿನ ಗುಡ್ಡ ಪೂರ್ತಿ ಕೆಂಪು. ಸೇತುವೆ ದಾಟಿದ್ಮೇಲೆ ಎಡಕ್ಕೆ ಕೆಂಪು, ಬಲಕ್ಕೆ ಇನ್ನೂ ಹಸಿರು, ಆ ಕಡೆ ಕೈ ತೋರಿಸಲೇಬೇಡಿ." ಅವರು ತುಟಿ ಅಲ್ಲಾಡಿಸುತ್ತಾ ಬಾಯಿಪಾಠ ಮಾಡುತ್ತಿದ್ದರು. ನಾನು ಕೊಡುತ್ತಿದ್ದದ್ದು ಬಣ್ಣಗಳ ಒಣ ಹೆಸರು ಮಾತ್ರ, ಅದಕ್ಕೆ ಒಗ್ಗರಣೆ ಅವರದು.

ಆ ಮೂರು ಊರುಗಳ ಚೆಂದವನ್ನೂ ಸ್ವಲ್ಪ ಹೇಳಬೇಕು. ಬಂದವರೆಲ್ಲ "ಎಷ್ಟು ಮುದ್ದಾಗಿದೆ!" ಅನ್ನುತ್ತಾರೆ. ಮುದ್ದಾಗಿರದೆ ಏನು? ಮೊದಲ ಊರಿನ ಗಡಿಯಾರ ನಿಂತು ಯಾವ ಕಾಲವಾಯಿತೋ. ರಿಪೇರಿ ಮಾಡಿಸಿದರೆ ಫೋಟೋದ ಅಂದ ಕೆಡುತ್ತದಂತೆ. ಎರಡನೆಯ ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ ಮುಚ್ಚಿ ಪರಿಮಳದ ಮೇಣದಬತ್ತಿ ಅಂಗಡಿ ತೆರೆದಿದ್ದಾರೆ. ಅಲ್ಲಿಯವರು ಒಂದು ಮೊಳೆ ಬೇಕಾದರೆ ಪಟ್ಟಣಕ್ಕೆ ಬರಬೇಕು, ಆದರೆ ಮನೆಯೇನೋ ಘಮ್ಮೆನ್ನುತ್ತದೆ. ಮೂರನೆಯ ಊರಿನ ದರ್ಜಿಯ ಅಜ್ಜಿ ಮುರಿದ ಕಿಟಕಿಯನ್ನು ಹಗ್ಗದಲ್ಲಿ ಕಟ್ಟಿದ್ದಾಳೆ. ಅದರ ಮುಂದೆ ಜನ ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಜ್ಜಿ ಒಳಗೆ ಚಳಿಯಲ್ಲಿ ನಡುಗುತ್ತಾ ಕೈ ಬೀಸಿದರೆ ಇನ್ನೂ ಚೆಂದ.

ಈ ವರ್ಷ ಯಜಮಾನರಿಗೆ ಜ್ಞಾನೋದಯವಾಯಿತು. "ಪಾಠ ಬೇಡ. ಮರ ಏನು ಎದ್ದು ಓಡಿಹೋಗಿದ್ಯಾ? ಹೋದ ವರ್ಷ ಎಲ್ಲಿತ್ತೋ ಅಲ್ಲೇ ಇದೆ."

"ರೀ, ಈ ಸಲ ಸೆಕೆನೇ ಹೋಗಿಲ್ಲ, ಬಣ್ಣ ತಿರುಗಿದ್ಯೋ ಇಲ್ವೋ ಒಂದ್ಸಲ ನೋಡ್ಕೊಂಡು ಬರೋಣ" ಅಂದೆ.

"ನನಗೆಲ್ಲ ಗೊತ್ತು" ಅಂದರು. ಗಂಡಸಿನ ಬಾಯಲ್ಲಿ ಈ ಮಾತು ಬಂದಾಗ ಅಡ್ಡ ನಿಲ್ಲಬಾರದೆಂದು ನಮ್ಮಮ್ಮ ಮೊದಲೇ ಎಚ್ಚರಿಸಿದ್ದಳು.

ಮೊದಲ ಸವಾರಿಗೆ ಮಾಲೀಕರೂ ಹೊರಟರು, ತಮ್ಮ ಬೀಗರನ್ನು ಕರೆದುಕೊಂಡು. ನಾನು ಹೋಗಿರಲಿಲ್ಲ. ಆದರೆ ಅವತ್ತೇ ಸಂಜೆ ಮಾಲೀಕರು ನಮ್ಮ ಬಾಗಿಲಲ್ಲಿ ನಿಂತು ಇಡೀ ಬೀದಿಗೆ ಕೇಳುವಂತೆ ಕೂಗಾಡಿದ್ದರಿಂದ ವಿವರಕ್ಕೇನೂ ಕೊರತೆಯಾಗಲಿಲ್ಲ. ಗಿರಣಿಯ ತಿರುವಿನಲ್ಲಿ ನಮ್ಮವರು ವ್ಯಾನು ನಿಧಾನ ಮಾಡಿ, "ಬಲಗಡೆ ನೋಡಿ! ಗುಡ್ಡಕ್ಕೆ ಗುಡ್ಡವೇ ಹತ್ತಿ ಉರೀತಿದೆ!" ಎಂದರಂತೆ. ಗುಡ್ಡ ಅಚ್ಚ ಹಸಿರಾಗಿ ತಣ್ಣಗೆ ಕೂತಿತ್ತು. ಬೀಗರು ಗಾಬರಿಯಾಗಿ ಎದ್ದು, "ಎಲ್ಲಿ ಬೆಂಕಿ? ಎಲ್ಲಿ?" ಎಂದು ಬಾಗಿಲಿಗೆ ಕೈಹಾಕಿದರು. ಹಿಂದಿನ ಸೀಟಿನ ದಂಪತಿ ಮಾತ್ರ "ಅಬ್ಬಾ, ಎಂಥ ಕೆಂಪು!" ಎಂದು ತಲೆದೂಗಿ ಫೋಟೋ ತೆಗೆದರಂತೆ. ದುಡ್ಡು ಕೊಟ್ಟು ಬಂದಿದ್ದಾರೆ, ಕಾಣದೆ ಇರುತ್ತದೆಯೇ?

ಮಾಲೀಕರು ದಾರಿಯಲ್ಲೇ ಇವರ ಬಾಯಿ ಮೂಸಿ ನೋಡಿದರು. ವಾಸನೆ ಇರಲಿಲ್ಲ. ಹಾಗಾದರೆ ಬೀಗರೆದುರು ತಮ್ಮನ್ನು ಗೇಲಿ ಮಾಡಿದ್ದಾನೆ ಎಂದು ತೀರ್ಮಾನಿಸಿದರು. ನಮ್ಮವರು ತಲೆ ತಗ್ಗಿಸಿ, "ತಮಾಷೆಗಂದೆ ಸಾರ್" ಅಂದರು. ನಿಜ ಹೇಳುವುದಕ್ಕಿಂತ ಅದೇ ವಾಸಿ ಅನಿಸಿರಬೇಕು. ಮರುದಿನ ವ್ಯಾನಿನಿಂದ ಮೈಕು ಕಿತ್ತುಹಾಕಿದರು. ಅದರ ಜಾಗಕ್ಕೆ ಒಂದು ಪೆಟ್ಟಿಗೆ ಬಂತು. ಗುಂಡಿ ಒತ್ತಿದರೆ ಯಾವಳೋ ಜೇನುದನಿಯವಳು ದಾರಿಯುದ್ದಕ್ಕೂ ವಿವರಿಸುತ್ತಾಳೆ.

ಕೆಲಸ ಉಳಿಯಿತಲ್ಲ, ಸಂಬಳವೂ ಅಷ್ಟೇ, ಇನ್ನೇನು ಬೇಕು ಎಂದುಕೊಂಡೆ. ಆದರೆ ಮನೆಯಲ್ಲಿ "ಉಪ್ಪು ಕಮ್ಮಿ"ಯೂ ನಿಂತಿತು. ಬೇಕೆಂದೇ ಉಪ್ಪು ಹಾಕದೆ ಬಡಿಸಿದೆ, ತಲೆಯೆತ್ತದೆ ಉಂಡು ಕೈತೊಳೆದರು. ನನಗೆ ಹೆದರಿಕೆಯಾಯಿತು. ಒಂದು ದಿನ ವ್ಯಾನಿನಲ್ಲಿ ಸೀಟು ಖಾಲಿಯಿದೆ ಎಂದು ತಿಳಿದು, ಹೇಳದೆ ಕೇಳದೆ ಹೋಗಿ ಅವರ ಹಿಂದಿನ ಸೀಟಿನಲ್ಲಿ ಕೂತೆ.

ಅಷ್ಟೊತ್ತಿಗೆ ಬಣ್ಣ ಚೆನ್ನಾಗಿಯೇ ತಿರುಗಿತ್ತು. ಪೆಟ್ಟಿಗೆಯವಳು ಶುರುಮಾಡಿದಳು. ಒಂದು ಟ್ರ್ಯಾಕ್ಟರ್ ನಮ್ಮ ಮುಂದೆ ಅಡ್ಡಾದಿಡ್ಡಿ ತೆವಳುತ್ತಿತ್ತು. ಅದು ಪೆಟ್ಟಿಗೆಯವಳಿಗೆ ಹೇಗೆ ಗೊತ್ತಾಗಬೇಕು? ನಾವು ಗೊಬ್ಬರದ ಗೋದಾಮಿನ ಪಕ್ಕ ಮೂಗು ಮುಚ್ಚಿಕೊಂಡು ಕೂತಿದ್ದಾಗ ಅವಳು, "ಆಹಾ, ಉಸಿರು ತುಂಬಿಕೊಳ್ಳಿ, ಇದು ಕಾಡಿನ ಪರಿಮಳ" ಅಂದಳು. ವ್ಯಾನಿಗೆ ವ್ಯಾನೇ ನಕ್ಕಿತು. ಪ್ರತಿ ವರ್ಷ ಬರುವ ನಿವೃತ್ತ ನರ್ಸಮ್ಮ ಒಬ್ಬರಿದ್ದರು. ಅವರಿಗೆ ರೇಗಿತು. "ಆ ದರಿದ್ರ ಪೆಟ್ಟಿಗೆ ಆರಿಸಪ್ಪಾ. ನಾನು ಬರೋದು ನಿನ್ನ ಮಾತು ಕೇಳೋಕೆ. ನೀನೇ ಹೇಳು."

ಉಳಿದವರೂ ಹೌದು ಹೌದು ಅಂದರು. ನಮ್ಮವರು ಪೆಟ್ಟಿಗೆ ಆರಿಸಿದರು. ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ನಾನು ಕಣ್ಣಿನಲ್ಲೇ "ಎಡಗಡೆ, ಎಡಗಡೆ" ಎಂದು ಸನ್ನೆ ಮಾಡಿದೆ. ಒಂದು ಸುಳ್ಳು ಸಾಕಿತ್ತು, ಎಲ್ಲ ಮೊದಲಿನಂತಾಗುತ್ತಿತ್ತು. ಅವರು ವ್ಯಾನು ಪಕ್ಕಕ್ಕೆ ನಿಲ್ಲಿಸಿ, ಹಿಂದೆ ತಿರುಗಿ, "ನನಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣ್ತವೆ ಅಮ್ಮಾ. ಇಷ್ಟು ವರ್ಷ ಹೇಳಿದ್ದೆಲ್ಲ ಇವಳು ಹೇಳಿಕೊಟ್ಟಿದ್ದು" ಅಂದುಬಿಟ್ಟರು.

ಯಾರೋ ಮೆಲ್ಲಗೆ, "ಮತ್ತೆ ಸಿಗ್ನಲ್?" ಅಂದರು. "ಮೇಲಿನ ದೀಪ ಹತ್ತಿದ್ರೆ ನಿಲ್ಲೋದು, ಕೆಳಗಿನದು ಹತ್ತಿದ್ರೆ ಹೊರಡೋದು" ಅಂದರು ಇವರು. ಇಬ್ಬರು ಆಗಲೇ ಸೀಟಿನ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡರು, ವ್ಯಾನು ನಿಂತಿದ್ದರೂ.

"ಅದಿರಲಿ," ಅಂದರು ನರ್ಸಮ್ಮ, "ನಿನಗೆ ಏನು ಕಾಣುತ್ತೆ, ಅದನ್ನ ಹೇಳು."

ಇವರು ಕಿಟಕಿಯಾಚೆ ನೋಡಿದರು. "ಆ ಮರ ನೆತ್ತಿಯಿಂದ ಖಾಲಿಯಾಗ್ತಿದೆ, ಅದರ ಪಕ್ಕದ್ದು ಬುಡದಿಂದ. ಕೊನೇ ಕೊಂಬೆ ಸಂದಿಯಲ್ಲಿ ಗೂಡು ನೋಡಿ, ಹೋದ ವಾರ ಎಲೆ ಮುಚ್ಚಿಕೊಂಡಿತ್ತು. ಹಣ್ಣೆಲೆ ಗಾಳಿಗೆ ಬೇರೆ ಥರ ಆಡುತ್ತೆ, ತೊಟ್ಟು ಸಡಿಲ ಆಗಿರುತ್ತಲ್ಲ." ಮೈಕಿಲ್ಲದೆ, ಒಗ್ಗರಣೆಯಿಲ್ಲದೆ ಹೇಳುತ್ತಾ ಹೋದರು. ಎಲ್ಲರೂ ಆ ಕಿಟಕಿಗೆ ಮುಗಿಬಿದ್ದು ಗೂಡು ಹುಡುಕಿದರು. ನಾನೂ ಹುಡುಕಿದೆ. ಅಷ್ಟು ವರ್ಷ ಅದೇ ಮರದ ಕೆಳಗೆ ನಿಂತು "ಕೆಂಪು" ಎಂದು ಒದರಿದ್ದೆ, ಒಂದು ಗೂಡನ್ನೂ ಕಂಡಿರಲಿಲ್ಲ.

ವ್ಯಾನು ವಾಪಸು ಬರುವ ಮುಂಚೆಯೇ ಯಾರದೋ ಫೋನಿನಲ್ಲಿ ಸುದ್ದಿ ಮಾಲೀಕರನ್ನು ಸೇರಿತ್ತು. ಶೆಡ್ಡಿನ ಬಾಗಿಲಲ್ಲೇ ಕಾದಿದ್ದರು. ಕೀಲಿ ಕಿತ್ತುಕೊಂಡರು. ಬೈಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ನರ್ಸಮ್ಮ ಅಡ್ಡ ಬಂದು, ಬರುವ ವಾರಕ್ಕೆ ತಮ್ಮ ಬಳಗಕ್ಕೆಲ್ಲ ಸೀಟು ಬೇಕು, ಇವನೇ ಮಾತಾಡಬೇಕು ಅಂದರು. ಮಾಲೀಕರ ಕೋಪ ವ್ಯಾಪಾರ ಕಂಡು ದಾರಿ ಬದಲಿಸಿತು. "ಸ್ಟೀರಿಂಗ್ ಮುಟ್ಟಬೇಡ, ಬೇರೆ ಡ್ರೈವರ್ ಹಾಕ್ತೀನಿ. ನೀನು ಪಕ್ಕದಲ್ಲಿ ಕೂತು ಮೈಕ್ ಹಿಡಿ" ಅಂದರು. ಈಗ ಕೇಳಿದರೆ ಅದೆಲ್ಲ ತಮ್ಮದೇ ಐಡಿಯಾ ಅನ್ನುತ್ತಾರೆ.

ನಾವಿಬ್ಬರೂ ನಡೆದೇ ಮನೆಗೆ ಹೊರಟೆವು. ನನಗೆ ತಡೆಯಲಾಗಲಿಲ್ಲ. "ಅಲ್ರೀ, ಇಷ್ಟೆಲ್ಲ ಕಾಣುತ್ತಿತ್ತಾ ನಿಮಗೆ? ಒಂದು ದಿನನಾದ್ರೂ ಬಾಯಿ ಬಿಡಬಾರದಿತ್ತಾ?"

"ನೀನು ಅಷ್ಟು ಕಷ್ಟಪಟ್ಟು ಬಣ್ಣ ಹೇಳ್ತಿದ್ದೆ. ಮಧ್ಯದಲ್ಲಿ ನನ್ನದೇನು ಅಂತ."

"ಹಾಗಾದ್ರೆ ಮಾಲೀಕರು ಬಂದ ದಿನ? ಎಲೆ ಹಣ್ಣಾಗಿಲ್ಲ ಅಂತ ಗೊತ್ತಾಗಲಿಲ್ವಾ?"

"ಗೊತ್ತಾಯ್ತು ಕಣೇ. ತೊಟ್ಟು ಗಟ್ಟಿಯಾಗಿತ್ತು, ಒಂದೆಲೆನೂ ಆಡ್ತಿರಲಿಲ್ಲ." ಕಾಲಡಿಯ ಒಂದು ಹಣ್ಣೆಲೆ ಎತ್ತಿಕೊಂಡು ಹೇಳಿದರು, "ಆದ್ರೆ ಅಲ್ಲಿ ಕೆಂಪು ಅಂತ ನೀನು ಹೇಳಿದ್ದೆಯಲ್ಲ."